ರಕ್ತದಲ್ಲಿ ಕೊಬ್ಬಿನ ಪಯಣ

ಸಾರಿಗೆ ಒಗ್ಗರಣೆ ಹಾಕಿದಾಗ ಎಣ್ಣೆ ಮೇಲೆಯೇ ತೇಲುವುದನ್ನು ನಾವೆಲ್ಲರೂ ನೋಡಿದ್ದೇವೆ. ರಕ್ತದ ಬಹುಪಾಲು ನೀರೇ. ಹಾಗಾದರೆ ಹೋಳಿಗೆಯೊಡನೆ ನಾವು ತಿಂದ ತುಪ್ಪ ರಕ್ತದಲ್ಲಿ ಸಾಗುವುದು ಹೇಗೆ?

ಇಲ್ಲಿ ನೆರವಿಗೆ ಬರುವುದು ಪ್ರೋಟೀನು. ಒಳಗೆ ಟ್ರೈಗ್ಲಿಸರೈಡ್ ಮತ್ತು ಕೊಲೆಸ್ಟರಾಲ್, ಹೊರಗೆ ಫಾಸ್ಫೋಲಿಪಿಡ್ ಮತ್ತು ಪ್ರೋಟೀನುಗಳ ತೆಳು ಹೊದಿಕೆ. ಈ ಸೂಕ್ಷ್ಮ ಕಣವೇ ಲೈಪೋಪ್ರೋಟೀನ್. ಹೊದಿಕೆಯ ಪ್ರೋಟೀನು, ಪಾರ್ಸೆಲ್ ಮೇಲಿನ ವಿಳಾಸದಂತೆ, ಸರಕು ಎಲ್ಲಿ ಇಳಿಯಬೇಕೆಂದೂ ತಿಳಿಸುತ್ತದೆ.

ಕರುಳಿನಿಂದ ಕೊಬ್ಬನ್ನು ಹೊರುವುದು ಕೈಲೋಮೈಕ್ರಾನ್. ಯಕೃತ್ತಿನಿಂದ ಹೊರಡುವುದು ವಿ.ಎಲ್.ಡಿ.ಎಲ್. ಇದು ದಾರಿಯಲ್ಲಿ ಸ್ನಾಯುಗಳಿಗೆ ಸರಕು ಇಳಿಸುತ್ತಾ ಕೊನೆಗೆ ಕೊಲೆಸ್ಟರಾಲ್ ತುಂಬಿದ ಎಲ್.ಡಿ.ಎಲ್. ಆಗುತ್ತದೆ. ಜೀವಕೋಶಗಳ ಗ್ರಾಹಿಗಳು ಇದರ 'ಅಪೋ ಬಿ' ಪ್ರೋಟೀನನ್ನು ಗುರುತಿಸಿ ಕಣವನ್ನು ಒಳಗೆಳೆದುಕೊಳ್ಳುತ್ತವೆ. ಈ ಗ್ರಾಹಿಗಳನ್ನು ಕಂಡುಹಿಡಿದ ಮೈಕೇಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ಗ್ರಾಹಿಗಳು ಕಡಿಮೆಯಾದರೆ ಕಣಗಳು ರಕ್ತದಲ್ಲೇ ಉಳಿದು ರಕ್ತನಾಳದ ಗೋಡೆಯೊಳಗೆ ಸೇರಿಕೊಳ್ಳುತ್ತವೆ. ಹೆಚ್ಚಾದ ಕೊಲೆಸ್ಟರಾಲನ್ನು ಯಕೃತ್ತಿಗೆ ಮರಳಿಸುವ ಕೆಲಸದಲ್ಲಿ ಎಚ್.ಡಿ.ಎಲ್. ನೆರವಾಗುತ್ತದೆ.

ಇದು ನಮಗೇಕೆ ಮುಖ್ಯ? ಟ್ರೈಗ್ಲಿಸರೈಡ್ ಹೆಚ್ಚು, ಎಚ್.ಡಿ.ಎಲ್. ಕಡಿಮೆ ಎಂಬುದು ನಮ್ಮ ದಕ್ಷಿಣ ಏಷ್ಯಾದವರಲ್ಲಿ ಸಾಮಾನ್ಯ. ಅಂಥವರಲ್ಲಿ ಎಲ್.ಡಿ.ಎಲ್. ಅಂಕಿ ಸರಿಯಿದ್ದರೂ ಕಣಗಳ ಸಂಖ್ಯೆ ಹೆಚ್ಚಿರಬಹುದು. ಪ್ರತಿ ಎಲ್.ಡಿ.ಎಲ್. ಕಣಕ್ಕೆ ಅಪೋ ಬಿ ಒಂದೇ ಆದ್ದರಿಂದ, ಅದನ್ನು ಅಳೆದರೆ ಕಣಗಳ ಲೆಕ್ಕ ಸಿಗುತ್ತದೆ. ಅಮೆರಿಕದ 2018ರ ಕೊಲೆಸ್ಟರಾಲ್ ಮಾರ್ಗಸೂಚಿಯು ದಕ್ಷಿಣ ಏಷ್ಯಾ ಮೂಲವನ್ನೇ ಅಪಾಯ ಹೆಚ್ಚಿಸುವ ಅಂಶಗಳಲ್ಲಿ ಸೇರಿಸಿತು. ಮುಂದಿನ ತಪಾಸಣೆಗೆ ಹೋದಾಗ ಅಪೋ ಬಿ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳೋಣ.