‘ಗೌಡ’: ಶಾಸನದಿಂದ ಹೆಸರಿನ ಬಾಲದವರೆಗೆ – ಮುಖ್ಯಾಂಶಗಳು

• ಹೊಸಕೋಟೆಯ ಸ್ಥಾಪಕ: ಸುಗಟೂರಿನ ಪಾಳೆಯಗಾರ ತಮ್ಮೇಗೌಡ, ಸುಮಾರು 1595. ಈ ಭಾಗದ ಊರು ಕಟ್ಟಿದವರ ಹೆಸರುಗಳನ್ನು ಒಟ್ಟಿಗೆ ನೆನಪಿಡಿ: ದೇವನಹಳ್ಳಿ ಕೋಟೆ – ಮಲ್ಲಬೈರೇಗೌಡ (1501), ಬೆಂಗಳೂರು – ಕೆಂಪೇಗೌಡ (1537). ಮೂವರ ಹೆಸರಿಗೂ ಊರಿನ ಯಜಮಾನ ಎಂಬ ಅರ್ಥದ ‘ಗೌಡ’ ಸೇರಿದೆ. ಆದರೆ ಇವರು ಒಂದೊಂದು ಹಳ್ಳಿಯ ಯಜಮಾನರಲ್ಲ, ನಾಡನ್ನಾಳಿದವರು.

• ರೂಪ ಬದಲಾದ ದಾರಿ: ಗಾಮುಂಡ – ಗಾವುಂಡ – ಗೌಂಡ – ಗೌಡ. ಮೊದಲ ಹಂತದಲ್ಲಿ ಮಕಾರ ವಕಾರವಾಗಿದೆ. ಮೂಲ ‘ಗ್ರಾಮ’ ಎಂಬುದು ಪ್ರಚಲಿತ ವಿವರಣೆ, ವಿದ್ವಾಂಸರಲ್ಲಿ ಒಮ್ಮತವಿಲ್ಲ.

• ಶಾಸನಗಳಲ್ಲಿ ಇದು ಜಾತಿಯ ಹೆಸರಲ್ಲ, ಹುದ್ದೆಯ ಹೆಸರು. ಊರಿಗೊಬ್ಬ ಊರ್ಗಾವುಂಡ, ನಾಡಿಗೆ ನಾಳ್ಗಾವುಂಡ. ಇನ್ನೂ ದೊಡ್ಡವನು ಪ್ರಭುಗಾವುಂಡ. ಕಂದಾಯ ವಸೂಲಿ, ದಾನಕ್ಕೆ ಸಾಕ್ಷಿ, ಊರಿನ ರಕ್ಷಣೆ ಇವರ ಹೊಣೆ. ತುರುಗಾಳಗದಲ್ಲಿ ಸತ್ತು ವೀರಗಲ್ಲಾದ ಗಾವುಂಡರೂ ಇದ್ದಾರೆ.

• ಪರೀಕ್ಷೆಯಲ್ಲಿ ಪದೇ ಪದೇ ಕೇಳುವ ಪ್ರಶ್ನೆ – ಜಕ್ಕಿಯಬ್ಬೆ. 10ನೇ ಶತಮಾನದ ಆದಿ, ರಾಷ್ಟ್ರಕೂಟ ಇಮ್ಮಡಿ ಕೃಷ್ಣನ ಕಾಲ. ನಾಗರಖಂಡ–70ರ ನಾಳ್ಗಾವುಂಡನಾಗಿದ್ದ ಗಂಡ ಸತ್ತ ಮೇಲೆ ಆ ಹುದ್ದೆ ಇವಳಿಗೆ ಬಂತು. ಕೊನೆಗೆ ಸಲ್ಲೇಖನದಿಂದ ದೇಹ ಬಿಟ್ಟಳು. ಮಾಹಿತಿ ಕೊಡುವುದು ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ ಶಾಸನ. ‘ಗೌಡ್ತಿ’ ಎಂದರೆ ಗೌಡರ ಹೆಂಡತಿ ಎಂದಷ್ಟೇ ತಿಳಿದವರಿಗೆ ಈ ಶಾಸನ ತೋರಿಸಬೇಕು.

• ವಿಜಯನಗರ ಕಾಲ: ಊರಿನ ಕೆಲಸ ನೋಡುವ 12 ಮಂದಿ ಆಯಗಾರರಲ್ಲಿ ಗೌಡನೇ ಮೊದಲಿಗ. ಲೆಕ್ಕಕ್ಕೆ ಶಾನುಭೋಗ, ಕಾವಲಿಗೆ ತಳವಾರ, ಕೆರೆನೀರಿಗೆ ನೀರುಗಂಟಿ. ಹುದ್ದೆ ವಂಶಪಾರಂಪರ್ಯವಾಯಿತು. ನನ್ನ ಲೆಕ್ಕದಲ್ಲಿ ಅರ್ಥ ತಿರುಗಿದ್ದು ಇಲ್ಲೇ: ಗೌಡಿಕೆ ಅಪ್ಪನಿಂದ ಮಗನಿಗೆ ಬರತೊಡಗಿದ ಮೇಲೆ, ಮಾಡುವ ಕೆಲಸದ ಹೆಸರು ಹುಟ್ಟಿದ ಮನೆಯ ಹೆಸರಾಯಿತು.

• ಗೌಡನಿಗೆ ಆಡಳಿತದ ಕಾಗದದಲ್ಲಿ ‘ಪಟೇಲ’ ಎಂಬ ಹೆಸರೂ ಇತ್ತು.

• 1961ರ ಗ್ರಾಮಾಧಿಕಾರಗಳ ರದ್ದತಿ ಕಾಯ್ದೆ, ಜಾರಿ 1963ರ ಫೆಬ್ರವರಿ 1. ಪಟೇಲಿಕೆ, ಶಾನುಭೋಗಿಕೆ ಎರಡೂ ಹೋದವು. ಸರ್ಕಾರ ನೇಮಿಸುವ ಗ್ರಾಮ ಲೆಕ್ಕಿಗ ಬಂದ. ಅವನೇ ಇಂದಿನ ಗ್ರಾಮ ಆಡಳಿತ ಅಧಿಕಾರಿ. ಈ ಟಿಪ್ಪಣಿ ಓದುತ್ತಿರುವವರಲ್ಲಿ ಅರ್ಧದಷ್ಟು ಜನ ಆ ಹುದ್ದೆಗೇ ಅರ್ಜಿ ಹಾಕಿರಬಹುದು! ಹುದ್ದೆ ರದ್ದಾದರೂ ಹೆಸರಿಗೆ ಕುಂದು ಬರಲಿಲ್ಲ. ಹೊಸಕೋಟೆಯ ಯಾವ ಫ್ಲೆಕ್ಸ್ ನೋಡಿದರೂ ಗೊತ್ತಾಗುತ್ತದೆ.

• ಎಡವುವ ಜಾಗ: ‘ಗೌಡ ಎಂದರೆ ಒಕ್ಕಲಿಗ’ – ತಪ್ಪು. ಹಳೇ ಮೈಸೂರಿನಲ್ಲಿ ಹೆಚ್ಚಾಗಿ ಹೌದು. ಉತ್ತರ ಕರ್ನಾಟಕದಲ್ಲಿ ‘ಗೌಡ್ರು’ ಬಹುತೇಕ ಲಿಂಗಾಯತರು. ಉತ್ತರ ಕನ್ನಡದಲ್ಲಿ ಹಾಲಕ್ಕಿ ಒಕ್ಕಲಿಗರು. ಪದ್ಮಶ್ರೀ ತುಳಸಿ ಗೌಡ ಆ ಸಮುದಾಯದವರು. ಸುಳ್ಯ, ಮಡಿಕೇರಿ ಕಡೆ ಅರೆಭಾಷೆ ಗೌಡರು. ತಮಿಳುನಾಡಿನ ಕೊಂಗು ಸೀಮೆಯಲ್ಲಿ ‘ಗೌಂಡರ್’. ತೆಲಂಗಾಣದ ‘ಗೌಡ’ರ ಕುಲಕಸುಬು ಹೆಂಡ ಇಳಿಸುವುದು, ಹೊಂದಿಸಿ ಬರೆಯುವಾಗ ಅವರನ್ನು ಈ ಸಾಲಿಗೆ ಸೇರಿಸಬೇಡಿ.