ಎಂಜಿನಿನ ಮೈಮೇಲಿನ ಅಂಕಿಗಳನ್ನು ಓದುವ ಬಗೆ

ಕಳೆದ ತಿಂಗಳು ನಮ್ಮ ವಾಚನಾಲಯದ ತರುಣ ಸದಸ್ಯನೊಬ್ಬ ಒಂದು ಚೀಟಿ ತಂದು ಮೇಜಿನ ಮೇಲಿಟ್ಟನು. ಅದರಲ್ಲಿ 3970010 ಎಂಬ ಏಳು ಅಂಕಿಗಳು ಮಾತ್ರ ಇದ್ದವು. ಅವನು ಮೋಟಾರು ಗ್ಯಾರೇಜೊಂದರಲ್ಲಿ ಕೆಲಸ ಕಲಿಯುತ್ತಿದ್ದಾನೆ. ದುರಸ್ತಿಗೆ ಬಂದ ಹಳೆಯ ಅಮೆರಿಕನ್ ಶೆವ್ರೊಲೆ ಕಾರಿನ ಎಂಜಿನ್ ನಂಬರನ್ನು ಬರೆದುಕೊಳ್ಳಲು ಹೇಳಿದಾಗ, ಹಿಂಬದಿಯಲ್ಲಿ ದಪ್ಪಗೆ ಕಂಡ ಈ ಅಂಕಿಗಳನ್ನೇ ಬರೆದುಕೊಂಡನಂತೆ. ನೋಂದಣಿ ಪುಸ್ತಕದಲ್ಲಿ ಇದ್ದುದು ಬೇರೆಯೇ ನಂಬರು. ಎಂಜಿನನ್ನು ಬದಲಾಯಿಸಿದ್ದಾರೆಂದು ಕಾರಿನ ಯಜಮಾನರು ಕೂಗಾಡಿದರು; ಹುಡುಗನ ಮೇಲೆ ಕಳ್ಳತನದ ಗುಮಾನಿ ಬಂತು. ಮರುದಿನ ಹಿರಿಯ ಮಿಸ್ತ್ರಿಯೊಬ್ಬರು ಎಂಜಿನಿನ ಮುಂಭಾಗದ ಜಿಡ್ಡನ್ನು ಒರೆಸಿ ನೋಡಿದಾಗ ಪುಸ್ತಕದ ನಂಬರು ಅಲ್ಲಿಯೇ ಇತ್ತು. ಇಂಥ ಪೇಚಿಗೆ ಇನ್ನೊಬ್ಬರು ಸಿಕ್ಕಬಾರದೆಂದು ಈ ಪಾಠವನ್ನು ಬರೆಯುತ್ತಿದ್ದೇವೆ.

ಎರಡು ಬಗೆಯ ಅಂಕಿಗಳು

ಎಂಜಿನಿನ ಮೇಲೆ ಎರಡು ಬಗೆಯ ಅಂಕಿಗಳಿರುತ್ತವೆ. ಮೊದಲನೆಯದು ಎರಕದ ಅಂಕಿ. ಕಬ್ಬಿಣವನ್ನು ಕರಗಿಸಿ ಮರಳಿನ ಅಚ್ಚಿನಲ್ಲಿ ಹೊಯ್ಯುವಾಗಲೇ ಇದು ಮೂಡುವುದರಿಂದ ಉಬ್ಬಿಕೊಂಡಿರುತ್ತದೆ, ಬೆರಳಾಡಿಸಿದರೆ ತಾಗುತ್ತದೆ. ಎರಡನೆಯದು ಗುದ್ದಿದ ನಂಬರು. ಎಂಜಿನು ಜೋಡಣೆಯಾದ ಮೇಲೆ ಉಕ್ಕಿನ ಅಚ್ಚಿನಿಂದ ಗುದ್ದುವುದರಿಂದ ಇದು ತಗ್ಗಾಗಿರುತ್ತದೆ.

ಗಿರಣಿಯ ಗುಮಾಸ್ತರಾದ ನಮಗೆ ಇದರ ಭೇದವು ಬಟ್ಟೆಯ ಬೇಲಿನಿಂದ ಸುಲಭವಾಗಿ ತಿಳಿಯುತ್ತದೆ. ಒಂದೇ ಜಾತಿಯ ಬಟ್ಟೆಗೆಲ್ಲ ಒಂದೇ ಸಾರ್ಟ್ ನಂಬರು. ಆದರೆ ಪ್ರತಿ ಬೇಲಿಗೂ ಅದರದೇ ಬೇಲ್ ನಂಬರು. ಎರಕದ ಅಂಕಿಯು ಸಾರ್ಟ್ ನಂಬರಿನಂತೆ. ಅದೇ ಅಂಕಿ ಅಸಂಖ್ಯ ಎಂಜಿನುಗಳ ಮೇಲಿರುತ್ತದೆ. ಗುದ್ದಿದ್ದು ಬೇಲ್ ನಂಬರಿನ ಕೆಲಸ ಮಾಡುತ್ತದೆ. ನೋಂದಣಿ ಪುಸ್ತಕದೊಡನೆ ತಾಳೆ ನೋಡಬೇಕಾದುದು ಗುದ್ದಿದ ನಂಬರನ್ನೇ.

ಎಲ್ಲಿ ಹುಡುಕಬೇಕು?

ಮುಂಬಯಿಯ ಶಿವಡಿಯಲ್ಲಿ ಜನರಲ್ ಮೋಟಾರ್ಸ್ ಕಂಪನಿಯವರು 1928ರಿಂದ 1954ರವರೆಗೆ ಶೆವ್ರೊಲೆ ಗಾಡಿಗಳನ್ನು ಜೋಡಿಸುತ್ತಿದ್ದರು. ನಾವು ಹೇಳುತ್ತಿರುವ ಎಂಟು ಸಿಲಿಂಡರಿನ ಚಿಕ್ಕ ವಿ-8 ಎಂಜಿನು ಅಮೆರಿಕದಲ್ಲಿ ಹುಟ್ಟಿದ್ದು ಅದರ ಮರುವರ್ಷ, 1955ರ ಮಾದರಿಯಲ್ಲಿ. ಆದ್ದರಿಂದ ಇದರ ಎಡ ಬಲಗಳನ್ನು ಅಮೆರಿಕದ ರೀತಿಯಲ್ಲಿಯೇ ತಿಳಿಯಬೇಕು. ಅಲ್ಲಿ ಚಾಲಕನು ಎಡಗಡೆ ಕೂಡುತ್ತಾನೆ.

ಬ್ಲಾಕಿನ ಹಿಂಬದಿಯಲ್ಲಿ ಗಿಯರ್ ಬಾಕ್ಸಿನ ಕಡೆಗೆ ಬೋಲ್ಟುಗಳು ಸೇರುವ ಅಂಚಿದೆ. ಅದರ ಮೇಲೆ, ಎಡಗಡೆ, ಎರಕದ ಅಂಕಿ ಇರುತ್ತದೆ. ಅದೇ ಅಂಚಿನಲ್ಲಿ, ಹೆಚ್ಚಾಗಿ ಬಲಗಡೆ, ಎರಕದ ತಾರೀಖು ಇರುತ್ತದೆ. ಗುದ್ದಿದ ನಂಬರು ಮುಂಭಾಗದಲ್ಲಿ, ಬಲಗಡೆಯ ಸಿಲಿಂಡರ್ ಹೆಡ್ಡಿನ ಎದುರಿಗೆ, ನುಣುಪಾದ ಚಿಕ್ಕ ಜಾಗದಲ್ಲಿರುತ್ತದೆ. ಸೀಮೆಎಣ್ಣೆಯ ಅರಿವೆಯಿಂದ ಒರೆಸಿರಿ. ಅರವನ್ನು ಎಂದೂ ಮುಟ್ಟಿಸಬೇಡಿರಿ. ಉಬ್ಬಿದ ಅಂಕಿಗೆ ಸೀಮೆಸುಣ್ಣ ಸವರಿದರೆ 3 ಯಾವುದು, 8 ಯಾವುದು ಎಂಬುದು ಸ್ಪಷ್ಟವಾಗುತ್ತದೆ.

ತಾರೀಖನ್ನು ಓದುವುದು

ಎರಕದ ತಾರೀಖಿನಲ್ಲಿ ಮೊದಲು ಒಂದು ಇಂಗ್ಲಿಷ್ ಅಕ್ಷರವಿರುತ್ತದೆ. ಎ ಎಂದರೆ ಜನವರಿ, ಬಿ ಎಂದರೆ ಫೆಬ್ರವರಿ; ಹೀಗೆ ಎಲ್ ಎಂದರೆ ಡಿಸೆಂಬರು. ಬಳಿಕ ದಿನ, ಕೊನೆಯಲ್ಲಿ ವರ್ಷದ ಕಡೆಯ ಅಂಕಿ. 'ಸಿ 14 9' ಎಂದಿದ್ದರೆ ಮಾರ್ಚ್ 14, 9ರಲ್ಲಿ ಮುಗಿಯುವ ವರ್ಷ. ಯಾವ ದಶಕ? 3970010 ಅಂಕಿಯ ಬ್ಲಾಕು 1969ರಿಂದ ಎಪ್ಪತ್ತರ ದಶಕದ ಕೊನೆಯವರೆಗೂ ತಯಾರಾದುದರಿಂದ ಇದು 1969 ಆಗಬಹುದು, 1979 ಆಗಬಹುದು.

ಇಲ್ಲಿ ಗುದ್ದಿದ ನಂಬರು ನೆರವಾಗುತ್ತದೆ. ಅದರಲ್ಲಿ ಮೊದಲ ಅಕ್ಷರ ಕಾರ್ಖಾನೆಯದು: ವಿ ಎಂದರೆ ಫ್ಲಿಂಟ್, ಟಿ ಎಂದರೆ ಟೊನವಾಂಡ. ಮುಂದಿನ ನಾಲ್ಕು ಅಂಕಿಗಳು ತಿಂಗಳು ಮತ್ತು ದಿನ. ಆಮೇಲಿನ ಅಕ್ಷರಗಳು ಎಂಜಿನನ್ನು ಯಾವ ಗಾಡಿಗಾಗಿ, ಯಾವ ಬಗೆಯದಾಗಿ ಜೋಡಿಸಿದರೆಂಬುದರ ಗುರುತು. 1969ರ ಮಾದರಿಯಲ್ಲಿ ಈ ಗುರುತು ಎರಡಕ್ಷರದ್ದು. 1979ರ ಹೊತ್ತಿಗೆ ಮೂರಕ್ಷರದ್ದು. ದಶಕವು ಹೀಗೆ ಗೊತ್ತಾಗುತ್ತದೆ.

ಅಂಕಿಯು ಹೇಳದಿರುವುದು

ಎರಕದ ಅಂಕಿಯಿಂದ ಎಂಜಿನಿನ ಅಳತೆಯೂ ತಿಳಿಯುತ್ತದೆಂದು ಹಲವರು ನಂಬುತ್ತಾರೆ. ಅದು ಪೂರ್ತಿ ನಿಜವಲ್ಲ. 1969ರಲ್ಲಿ 3970010 ಬ್ಲಾಕಿನಿಂದಲೇ 302, 327, 350 ಘನ ಅಂಗುಲದ ಮೂರು ಎಂಜಿನುಗಳಾದವು. ಮೂರಕ್ಕೂ ಸಿಲಿಂಡರಿನ ಅಗಲ 4 ಅಂಗುಲವೇ. ಕ್ರ್ಯಾಂಕ್ ಶಾಫ್ಟು ಬೇರೆಯಾದ್ದರಿಂದ ಪಿಸ್ಟನ್ನಿನ ಓಟ ಮಾತ್ರ ಬೇರೆ: ಕ್ರಮವಾಗಿ 3, 3.25 ಮತ್ತು 3.48 ಅಂಗುಲ.

ಲೆಕ್ಕ ಹೀಗೆ: ಅಗಲವನ್ನು ಅಗಲದಿಂದಲೇ ಗುಣಿಸಿ, 0.7854ರಿಂದ ಗುಣಿಸಿ, ಓಟದಿಂದ ಗುಣಿಸಿ, ಸಿಲಿಂಡರುಗಳ ಸಂಖ್ಯೆಯಿಂದ ಗುಣಿಸಬೇಕು. 4 × 4 × 0.7854 × 3 × 8 = 301.6, ಅಂದರೆ 302. ಉಳಿದೆರಡನ್ನು ವಾಚಕರೇ ಮಾಡಿ ನೋಡಲಿ. ಮೂರರಲ್ಲಿ 302 ಎಂಜಿನು ಕಮಾರೋ ಝಡ್-28 ಎಂಬ ಪಂದ್ಯದ ಬಗೆಯ ಕಾರಿನದು. ಅದರ ಬೆಲೆಯೇ ಬೇರೆ. ಎರಕದ ಅಂಕಿಯನ್ನು ಮಾತ್ರ ತೋರಿಸಿ ಯಾರಾದರೂ ಆ ಬೆಲೆ ಕೇಳಿದರೆ, ಹೆಡ್ಡು ಕಳಚಿ ಓಟವನ್ನು ಅಳೆಯದೆ ಹಣ ಕೊಡಬಾರದು.

ತಾಳೆ ನೋಡುವ ನಿಯಮ

ಎರಕ ಮೊದಲು, ಎಂಜಿನಿನ ಜೋಡಣೆ ಅನಂತರ, ಕಾರಿನ ಜೋಡಣೆ ಕೊನೆಗೆ. ಈ ಕ್ರಮ ತಪ್ಪಿದರೆ ಸಂಶಯಕ್ಕೆ ಎಡೆಯುಂಟು. 1968ರ ಮಾದರಿಯಿಂದ ಈಚೆಗೆ ಕಾರಿನ ಷಾಸಿ ನಂಬರಿನ ಕೊನೆಯ ಭಾಗವನ್ನೂ ಎಂಜಿನಿನ ಮೇಲೆ ಗುದ್ದುತ್ತಿದ್ದರು; ಅದು ಕೂಡಿಬಂದರೆ ಎಂಜಿನೂ ಕಾರೂ ಹುಟ್ಟಿನಿಂದ ಜೊತೆಯವೆಂಬುದಕ್ಕೆ ಒಳ್ಳೆಯ ಸಾಕ್ಷಿ.

ಆದರೆ ನಂಬರು ಕಾಣದ ಎಂಜಿನೆಲ್ಲ ಕಳವಿನ ಮಾಲಲ್ಲ. ಬ್ಲಾಕಿನ ಮೇಲ್ಮೈಯನ್ನು ಮಟ್ಟ ಮಾಡಲು ಹೆರೆಸಿದಾಗ ಮುಂಭಾಗದ ನಂಬರೂ ಹೆರೆದುಹೋಗುತ್ತದೆ. ಒಂದು ಅಂಕಿಯನ್ನು ನೋಡಿ ಎಂಜಿನನ್ನು ಗುರುತಿಸಲೂ ಬಾರದು, ಮನುಷ್ಯನನ್ನು ದೂರಲೂ ಬಾರದು. ನಮ್ಮ ತರುಣನ ಸಂಗತಿಯಿಂದ ನಾವು ಕಲಿತ ಪಾಠ ಇಷ್ಟೇ.

ಅಭ್ಯಾಸ: ಒಂದು ಎಂಜಿನಿನ ಹಿಂಬದಿಯಲ್ಲಿ 3970010 ಮತ್ತು 'ಡಿ 22 9' ಎಂದಿದೆ. ಮುಂಭಾಗದಲ್ಲಿ 'ವಿ 0410', ಬಳಿಕ ಎರಡಕ್ಷರ. ಮಾರುವವರು ಇದು 1969ರ 302 ಎನ್ನುತ್ತಾರೆ. ಇಲ್ಲಿ ಕೇಳಬೇಕಾದ ಪ್ರಶ್ನೆಗಳು ಯಾವುವು? ವಾಚಕರು ತಮ್ಮ ಉತ್ತರಗಳನ್ನು ವಾಚನಾಲಯದ ವಹಿಯಲ್ಲಿ ಬರೆದಿಡಬೇಕೆಂದು ಕೋರುತ್ತೇವೆ.