ಬಟ್ಟೆಯ ಮೇಲೆ ನಮ್ಮದೇ ಅಚ್ಚು: ಟ್ರಾನ್ಸ್‌ಫರ್ ಕಾಗದದಿಂದ ಟೀ ಶರ್ಟಿಗೆ ಚಿತ್ರ ಮೂಡಿಸುವ ವಿಧಾನ

ದೊಡ್ಡಬಳ್ಳಾಪುರವು ಮಗ್ಗಗಳ ಊರೆಂಬುದು ಸರ್ವವಿದಿತವಾದ ಸಂಗತಿ. ಅಲ್ಲಿಯ ಬೀದಿಗಳಲ್ಲಿ ವಿದ್ಯುತ್ ಮಗ್ಗಗಳ ಸದ್ದು ಕಿವಿಗೆ ಬೀಳುತ್ತದೆ. ಈಚಿನ ದಶಕಗಳಲ್ಲಿ ಅಲ್ಲಿ ಅಪಾರೆಲ್ ಪಾರ್ಕ್ ಸ್ಥಾಪನೆಯಾದ ಮೇಲೆ ನೇಯ್ಗೆಯ ಜೊತೆಗೆ ಸಿದ್ಧ ಉಡುಪಿನ ಹೊಲಿಗೆಯೂ ಈ ಸೀಮೆಯ ಕಸುಬಾಗಿದೆ. ಇಲ್ಲಿಯ ಕೈಗಳು ನೇಯ್ದ, ಹೊಲಿದ ಬಟ್ಟೆ ದೂರದೂರದ ಊರುಗಳಿಗೆ ಹೋಗುತ್ತದೆ; ಆದರೆ ಅದರ ಮೇಲಿನ ಹೆಸರು ಸಾಮಾನ್ಯವಾಗಿ ಬೇರೆಯವರದು. ಹೀಗಿರುವಲ್ಲಿ, ಈ ತಾಲ್ಲೂಕಿನ ರಾಜಘಟ್ಟದಂಥ ಗ್ರಾಮದ ವಿದ್ಯಾರ್ಥಿಯೊಬ್ಬನು ತನ್ನ ಊರಿನ ಹೆಸರನ್ನು ತನ್ನ ಲಿಪಿಯಲ್ಲಿಯೇ, ತಾನು ತೊಡುವ ಅಂಗಿಯ ಮೇಲೆ, ತನ್ನ ಕೈಯಿಂದಲೇ ಮೂಡಿಸಿಕೊಳ್ಳಬಹುದೇ? ಒಂದು ಪ್ರಿಂಟರು, ಒಂದು ಇಸ್ತ್ರಿ ಪೆಟ್ಟಿಗೆ ಮತ್ತು ಕೆಲವು ಹಾಳೆ ಟ್ರಾನ್ಸ್‌ಫರ್ ಕಾಗದ ಇದ್ದರೆ ಮೂಡಿಸಿಕೊಳ್ಳಬಹುದು. ಆದರೆ ಆ ಅಚ್ಚು ಒಂದೇ ಒಗೆತಕ್ಕೆ ಕಳಚಿ ಹೋಗುವುದೋ, ಬಹುಕಾಲ ಉಳಿಯುವುದೋ ಎಂಬುದು ಕೆಲಸ ಮಾಡುವವನ ತಿಳಿವಳಿಕೆಯನ್ನು ಅವಲಂಬಿಸಿದೆ. ಆ ತಿಳಿವಳಿಕೆಯನ್ನು ಕ್ರಮವಾಗಿ ನಿರೂಪಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಶಾಲೆಗಳಲ್ಲಿ ಕೈಕೆಲಸಕ್ಕೆ ಸ್ಥಾನವಿರಬೇಕೆಂಬ ವಿಚಾರ ಹೊಸದೇನೂ ಅಲ್ಲ. 1964–66ರ ಕೊಠಾರಿ ಆಯೋಗವು ಕಾರ್ಯಾನುಭವವನ್ನು ಶಿಕ್ಷಣದ ಅಂಗವೆಂದು ಪರಿಗಣಿಸಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿಯು ಸಮಾಜೋಪಯೋಗಿ ಉತ್ಪಾದಕ ಕಾರ್ಯವನ್ನು ಪಠ್ಯಕ್ರಮದಲ್ಲಿ ಸೇರಿಸಬೇಕೆಂದು ಶಿಫಾರಸು ಮಾಡಿತು. ಅಂಥ ಕಾರ್ಯಕ್ಕೆ ಈ ಕೆಲಸ ಬಹುಮಟ್ಟಿಗೆ ಒಪ್ಪುತ್ತದೆ. ಇದರಲ್ಲಿ ಉಷ್ಣದ ಪಾಠವಿದೆ, ನಾರಿನ ರಸಾಯನವಿದೆ, ಚಿತ್ರಕಲೆಯಿದೆ, ಲೆಕ್ಕಾಚಾರವಿದೆ.

ಕಾಗದದ ರಚನೆ

ಟ್ರಾನ್ಸ್‌ಫರ್ ಕಾಗದವು ನೋಡಲು ತುಸು ದಪ್ಪನಾದ ಸಾಮಾನ್ಯ ಹಾಳೆಯಂತೆ ಕಂಡರೂ ಅದರಲ್ಲಿ ಪದರಗಳಿವೆ. ಕೆಳಗಿರುವುದು ಆಧಾರವಾದ ಕಾಗದ. ಅದರ ಮೇಲೆ ಅಂಟನ್ನು ಬಿಟ್ಟುಕೊಡುವ ನುಣುಪಾದ ಲೇಪನ. ಎಲ್ಲಕ್ಕಿಂತ ಮೇಲೆ, ಕಾಯಿಸಿದರೆ ಮೆತ್ತಗಾಗಿ ಕರಗುವ ಪ್ಲಾಸ್ಟಿಕ್ ಜಾತಿಯ ತೆಳು ಪೊರೆ. ಪ್ರಿಂಟರಿನ ಶಾಯಿ ಈ ಪೊರೆಯ ಮೇಲೆ ಕೂರುತ್ತದೆ. ಇಸ್ತ್ರಿಯ ಶಾಖ ತಗುಲಿದಾಗ ಪೊರೆಯು ಕರಗಿ ಬಟ್ಟೆಯ ನೂಲುಗಳ ಸಂದಿಗೆ ಇಳಿಯುತ್ತದೆ. ಆರಿದಾಗ ಅಲ್ಲಿಯೇ ಗಟ್ಟಿಯಾಗಿ ನೂಲನ್ನು ಹಿಡಿದುಕೊಳ್ಳುತ್ತದೆ. ಆಧಾರದ ಕಾಗದವನ್ನು ಸುಲಿದರೆ ಚಿತ್ರವು ಬಟ್ಟೆಯ ಪಾಲಾಗುತ್ತದೆ. ಅಂದರೆ ಇಲ್ಲಿ ಶಾಯಿಯು ನೂಲಿಗೆ ಬಣ್ಣದಂತೆ ಹತ್ತುವುದಿಲ್ಲ. ಪೊರೆಯೊಂದು ಶಾಯಿಯನ್ನು ಹೊತ್ತು ನೂಲಿಗೆ ಅಂಟಿಕೊಳ್ಳುತ್ತದೆ. ಈ ಒಂದು ಮಾತನ್ನು ನೆನಪಿನಲ್ಲಿಟ್ಟರೆ ಮುಂದಿನ ನಿಯಮಗಳೆಲ್ಲವೂ ತಾವಾಗಿಯೇ ಅರ್ಥವಾಗುತ್ತವೆ.

ಇದೇ ಹೆಸರಿನಿಂದ ಕೆಲವೊಮ್ಮೆ ಕರೆಯಲ್ಪಡುವ ಸಬ್ಲಿಮೇಷನ್ ಮುದ್ರಣವು ಬೇರೆಯೇ ವಿಧಾನ. 1957ರಲ್ಲಿ ಫ್ರಾನ್ಸಿನ ನೋಯೆಲ್ ದ ಪ್ಲಾಸ್ ಎಂಬುವರು ಬೆಳಕಿಗೆ ತಂದ ಈ ವಿಧಾನದಲ್ಲಿ ಬಣ್ಣವು ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಆವಿಯಾಗಿ ಪಾಲಿಯೆಸ್ಟರ್ ನಾರಿನ ಒಳಹೊಕ್ಕು ನಿಲ್ಲುತ್ತದೆ. ಹತ್ತಿಯ ನಾರು ಅದನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಆದುದರಿಂದ ಅಂಗಡಿಯಲ್ಲಿ ಕಾಗದವನ್ನು ಕೊಳ್ಳುವಾಗ ಇವೆರಡರಲ್ಲಿ ಯಾವುದೆಂದು ಕೇಳಿ ತಿಳಿಯಬೇಕು.

ಟ್ರಾನ್ಸ್‌ಫರ್ ಕಾಗದದಲ್ಲಿಯೇ ಇಂಕ್‌ಜೆಟ್ ಪ್ರಿಂಟರಿಗೆ ಬೇರೆ, ಲೇಸರ್ ಪ್ರಿಂಟರಿಗೆ ಬೇರೆ ಹಾಳೆಗಳಿವೆ. ಲೇಸರ್ ಪ್ರಿಂಟರಿನಲ್ಲಿ ಪುಡಿಯನ್ನು ಕಾಗದಕ್ಕೆ ಹತ್ತಿಸುವ ಬಿಸಿ ಉರುಳೆ ಇರುತ್ತದೆ. ಇಂಕ್‌ಜೆಟ್ ಹಾಳೆಯನ್ನು ಅದಕ್ಕೆ ಹಾಕಿದರೆ ಪೊರೆಯು ಉರುಳೆಯ ಮೇಲೆಯೇ ಕರಗಿ ಸುತ್ತಿಕೊಂಡು ಯಂತ್ರವೇ ಕೆಡಬಹುದು. ಶಾಲೆಯ ಕಚೇರಿಯ ಪ್ರಿಂಟರನ್ನು ಬಳಸುವವರು ಈ ಭೇದವನ್ನು ಮೊದಲೇ ಗಮನಿಸತಕ್ಕದ್ದು.

ಬಟ್ಟೆ ಮತ್ತು ಬಣ್ಣದ ಆಯ್ಕೆ

ಹತ್ತಿಯ ಬಟ್ಟೆ, ಅಥವಾ ಹತ್ತಿಯ ಅಂಶವೇ ಹೆಚ್ಚಾಗಿರುವ ಮಿಶ್ರ ಬಟ್ಟೆ, ಈ ಕೆಲಸಕ್ಕೆ ಉತ್ತಮ. ಹತ್ತಿಯು ಇಸ್ತ್ರಿಯ ಬಿಸಿಯನ್ನು ತಡೆಯಬಲ್ಲುದು. ಪಾಲಿಯೆಸ್ಟರ್ ಬಟ್ಟೆಯು ಹೆಚ್ಚಿನ ಬಿಸಿಗೆ ಹೊಳಪು ಹತ್ತಿ ಮುದುಡಬಹುದು. ಅದಲ್ಲದೆ ಅದರ ಸ್ವಂತ ಬಣ್ಣವೇ ಆವಿಯಾಗಿ ಚಿತ್ರದೊಳಕ್ಕೆ ಏರುವುದುಂಟು. ಹೊಸ ಅಂಗಿಯನ್ನು ಮೊದಲು ಒಮ್ಮೆ ಒಗೆದು ಒಣಗಿಸಬೇಕು. ಕಾರ್ಖಾನೆಯಲ್ಲಿ ಹಾಕಿದ ಗಂಜಿ ಮತ್ತು ಇತರ ಲೇಪಗಳು ಹೋಗಿ ನೂಲು ತೆರೆದುಕೊಳ್ಳುತ್ತದೆ. ಕುಗ್ಗುವಷ್ಟು ಬಟ್ಟೆ ಮೊದಲೇ ಕುಗ್ಗುತ್ತದೆ. ಚಿತ್ರ ಅಂಟಿದ ಮೇಲೆ ಬಟ್ಟೆ ಕುಗ್ಗಿದರೆ ಚಿತ್ರವು ಸುಕ್ಕುಗಟ್ಟುವುದು ನಿಶ್ಚಯ.

ಪ್ರಿಂಟರಿಗೆ ಬಿಳಿ ಶಾಯಿಯಿಲ್ಲವೆಂಬುದನ್ನು ಅನೇಕರು ಮರೆಯುತ್ತಾರೆ. ತಿಳಿ ಬಣ್ಣದ ಬಟ್ಟೆಗೆಂದು ಮಾಡಿದ ಕಾಗದದ ಪೊರೆ ಪಾರದರ್ಶಕ. ಚಿತ್ರದಲ್ಲಿ ಬಿಳಿಯಾಗಿರುವ ಜಾಗದಲ್ಲಿ ಅಂಗಿಯ ಬಣ್ಣವೇ ಕಾಣುತ್ತದೆ. ರಾಜ್ಯೋತ್ಸವಕ್ಕೆಂದು ಹಳದಿ ಅಂಗಿಯ ಮೇಲೆ ಕೆಂಪು ಅಕ್ಷರ ಮೂಡಿಸಿದರೆ ಚೆನ್ನಾಗಿ ಕಾಣುತ್ತದೆ. ಅದೇ ಅಂಗಿಯ ಮೇಲೆ ನೀಲಿ ಅಕ್ಷರ ಹಾಕಿದರೆ ಹಸಿರಿನ ಛಾಯೆ ಬರುತ್ತದೆ. ಕಪ್ಪು, ಕಡುನೀಲಿ ಮೊದಲಾದ ಗಾಢ ಬಟ್ಟೆಗೆ ಬೇರೆ ಕಾಗದವಿದೆ. ಅದರ ಪೊರೆಯೇ ಬಿಳಿ. ಆ ಬಿಳಿಯ ಮೇಲೆ ಚಿತ್ರ ಕೂರುತ್ತದೆ.

ಅಕ್ಷರಗಳ ಸಿದ್ಧತೆ

ತಿಳಿ ಬಟ್ಟೆಯ ಕಾಗದದಲ್ಲಿ ಚಿತ್ರವನ್ನು ಕನ್ನಡಿಯ ಪ್ರತಿಬಿಂಬದಂತೆ ಎಡಬಲ ತಿರುಗಿಸಿ ಮುದ್ರಿಸಬೇಕು. ಅದನ್ನು ಬಟ್ಟೆಯ ಮೇಲೆ ಬೋರಲಾಗಿ ಇಟ್ಟು ಒತ್ತುವುದರಿಂದ, ತಿರುವುಮುರುವಾದುದು ನೇರವಾಗುತ್ತದೆ. ಗಾಢ ಬಟ್ಟೆಯ ಕಾಗದದಲ್ಲಿ ಪೊರೆಯನ್ನು ಮೊದಲೇ ಸುಲಿದು, ಚಿತ್ರವನ್ನು ಮೇಲ್ಮುಖವಾಗಿ ಇಡುವುದರಿಂದ ತಿರುಗಿಸುವ ಅಗತ್ಯವಿಲ್ಲ. ಒತ್ತುವ ಅಚ್ಚು ತಿರುವಾಗಿರಬೇಕೆಂಬ ಈ ತತ್ತ್ವವು ರಾಜಘಟ್ಟದ ನೆಲಕ್ಕೆ ಹೊಸದಲ್ಲ. 2001ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಪ್ರೊ. ಎಂ. ಎಸ್. ಕೃಷ್ಣಮೂರ್ತಿಯವರ ನೇತೃತ್ವದಲ್ಲಿ ನಡೆದ ಉತ್ಖನನದಲ್ಲಿ ಇಲ್ಲಿ ಪ್ರಾಚೀನ ಬೌದ್ಧ ಚೈತ್ಯದ ಅವಶೇಷಗಳೊಂದಿಗೆ ಮುದ್ರೆಯೊತ್ತಿದ ಜೇಡಿಮಣ್ಣಿನ ಹರಕೆಯ ಬಿಲ್ಲೆಗಳು ದೊರೆತವು. ಮುದ್ರೆಯಲ್ಲಿ ತಿರುವಾಗಿ ಕೊರೆದುದು ಮಾತ್ರವೇ ಮೆತ್ತನೆಯ ಮಣ್ಣಿನಲ್ಲಿ ನೇರವಾಗಿ ಮೂಡಬಲ್ಲುದು. ಮಕ್ಕಳಿಗೆ ಈ ಉದಾಹರಣೆಯನ್ನು ಕೊಟ್ಟರೆ ಪಾಠವು ಬೇಗ ಮನಸ್ಸಿಗೆ ಹತ್ತುವುದು.

ಕನ್ನಡ ಅಕ್ಷರಗಳ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಅವಶ್ಯ. ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸಲಾರದ ಚಿತ್ರ ತಂತ್ರಾಂಶಗಳು ಇನ್ನೂ ಬಳಕೆಯಲ್ಲಿವೆ. ಅವುಗಳಲ್ಲಿ ‘ರಾಜಘಟ್ಟ’ ಎಂಬ ಪದದ ಒತ್ತು ಅಕ್ಷರದ ಕೆಳಗೆ ಕೂರದೆ, ‘ಟ್’ ಬೇರೆ, ‘ಟ’ ಬೇರೆಯಾಗಿ ಒಡೆದು ನಿಲ್ಲುವುದುಂಟು. ಊರಿನ ಹೆಸರೇ ತಪ್ಪಾಗಿ ಎದೆಯ ಮೇಲೆ ಮೂಡಿದರೆ ಅಭಿಮಾನದ ಬದಲು ಅಪಹಾಸ್ಯ ದೊರೆತೀತು. ಆದುದರಿಂದ ಬರಹವನ್ನು ಸರಿಯಾಗಿ ತೋರುವ ತಂತ್ರಾಂಶದಲ್ಲಿ ಸಿದ್ಧಪಡಿಸಿ, ಚಿತ್ರವಾಗಿಯೋ ಪಿಡಿಎಫ್ ಆಗಿಯೋ ಉಳಿಸಿ, ಮೊದಲು ಸಾದಾ ಹಾಳೆಯಲ್ಲಿ ಮುದ್ರಿಸಿ, ತಿರುವಾಗಿರುವುದನ್ನು ಕನ್ನಡಿಯಲ್ಲಿ ಓದಿ ನೋಡಬೇಕು. ಕೈಬರಹವೇ ಸುಂದರವಾಗಿರುವ ವಿದ್ಯಾರ್ಥಿಯಿದ್ದರೆ ಅವನಿಂದ ಬರೆಯಿಸಿ ಸ್ಕ್ಯಾನ್ ಮಾಡಿಕೊಳ್ಳುವುದು ಇನ್ನೂ ಮೇಲು. ಅಕ್ಷರದ ಗೆರೆಗಳು ದಪ್ಪವಾಗಿರಲಿ. ಎಳೆಯಂಥ ಗೆರೆಗಳು ಬೇಗ ಬಿರಿಯುತ್ತವೆ.

ಚಲನಚಿತ್ರದ ಪೋಸ್ಟರುಗಳನ್ನೂ ಪ್ರಸಿದ್ಧ ಸಂಸ್ಥೆಗಳ ಲಾಂಛನಗಳನ್ನೂ ಅನುಮತಿಯಿಲ್ಲದೆ ಮುದ್ರಿಸಿ ಮಾರುವುದು ಸಲ್ಲದು. 1957ರ ಕೃತಿಸ್ವಾಮ್ಯ ಅಧಿನಿಯಮ ಮತ್ತು 1999ರ ವ್ಯಾಪಾರ ಚಿಹ್ನೆಗಳ ಅಧಿನಿಯಮ ಅವುಗಳಿಗೆ ರಕ್ಷಣೆ ನೀಡಿವೆ. ನಮ್ಮ ಮಕ್ಕಳು ತಾವೇ ಬರೆದ ಚಿತ್ರಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಇಸ್ತ್ರಿಯ ಕೆಲಸ

ಚಿತ್ರದ ಸುತ್ತಲಿನ ಖಾಲಿ ಭಾಗವನ್ನು ಕತ್ತರಿಸಿ ತೆಗೆಯಬೇಕು. ಇಲ್ಲವಾದರೆ ಆ ಪೊರೆಯೂ ಬಟ್ಟೆಗೆ ಅಂಟಿ ಹೊಳೆಯುವ ಚೌಕವಾಗಿ ಕಾಣುತ್ತದೆ. ಚೂಪಾದ ಮೂಲೆಗಳು ಬೇಗ ಏಳುವುದರಿಂದ ಅವನ್ನು ದುಂಡಗೆ ಕತ್ತರಿಸುವುದು ಒಳ್ಳೆಯದು.

ಇಸ್ತ್ರಿಗೆ ಮೆತ್ತೆ ಹಾಸಿದ ಹಲಗೆ ತರವಲ್ಲ. ಮೆತ್ತೆಯು ಒತ್ತಡವನ್ನು ನುಂಗಿಬಿಡುತ್ತದೆ. ಗಟ್ಟಿಯಾದ ಮೇಜಿನ ಮೇಲೆ ತೆಳುವಾದ ಹತ್ತಿ ಬಟ್ಟೆಯನ್ನು ಹಾಸಿ ಅದರ ಮೇಲೆ ಅಂಗಿಯನ್ನಿಡಬೇಕು. ಇಸ್ತ್ರಿಯನ್ನು ಹತ್ತಿಯ ಗುರುತಿಗೆ ತಿರುಗಿಸಿ, ಆವಿಯನ್ನು ಪೂರ್ಣವಾಗಿ ನಿಲ್ಲಿಸಬೇಕು. ತೇವವು ಪೊರೆಯ ಹಿಡಿತಕ್ಕೆ ಶತ್ರು. ಮೊದಲು ಖಾಲಿ ಅಂಗಿಯನ್ನೇ ಕೆಲವು ಕ್ಷಣ ಒತ್ತಿ ತೇವವನ್ನೂ ಸುಕ್ಕನ್ನೂ ಕಳೆಯಬೇಕು. ಅನಂತರ ಕಾಗದವನ್ನಿಟ್ಟು ಎರಡೂ ಕೈಗಳ ಭಾರ ಹಾಕಿ, ಒಂದೊಂದು ಭಾಗವನ್ನೂ ಹೊದಿಕೆಯಲ್ಲಿ ತಿಳಿಸಿರುವಷ್ಟು ಹೊತ್ತು ಒತ್ತಿ, ಮುಂದಿನ ಭಾಗಕ್ಕೆ ಸರಿಯಬೇಕು. ಅಂಚುಗಳಿಗೆ ವಿಶೇಷ ಗಮನ ಕೊಡಬೇಕು. ಕಳಚುವುದು ಅಲ್ಲಿಂದಲೇ ಆರಂಭ. ಗಾಢ ಬಟ್ಟೆಯ ಪೊರೆಗೆ ಇಸ್ತ್ರಿಯನ್ನು ನೇರವಾಗಿ ಮುಟ್ಟಿಸದೆ, ಹಾಳೆಗಳೊಂದಿಗೆ ಬರುವ ರಕ್ಷಣಾ ಕಾಗದವನ್ನು ನಡುವೆ ಇಡತಕ್ಕದ್ದು.

ಶಾಖ, ಒತ್ತಡ, ಕಾಲ ಈ ಮೂರೂ ಕೂಡಿದಾಗಲೇ ಅಚ್ಚು ನಿಲ್ಲುತ್ತದೆ. ಅಂಗಡಿಗಳಲ್ಲಿರುವ ಹೀಟ್ ಪ್ರೆಸ್ ಯಂತ್ರವು ಸಾಮಾನ್ಯವಾಗಿ 180ರಿಂದ 190 ಡಿಗ್ರಿ ಶಾಖದಲ್ಲಿ ಇಡೀ ಚಿತ್ರವನ್ನು ಒಮ್ಮೆಗೇ ಸಮನಾಗಿ ಒತ್ತುತ್ತದೆ. ಮನೆಯ ಇಸ್ತ್ರಿಯಲ್ಲಿ ಆ ಸಮತೆಯನ್ನು ತಾಳ್ಮೆಯಿಂದ ನಾವೇ ತರಬೇಕಾಗುತ್ತದೆ. ಕಾಗದವನ್ನು ಬಿಸಿಯಿರುವಾಗಲೇ ಸುಲಿಯಬೇಕೋ ಆರಿದ ಮೇಲೆ ಸುಲಿಯಬೇಕೋ ಎಂಬುದು ತಯಾರಿಕೆಯಿಂದ ತಯಾರಿಕೆಗೆ ಬೇರೆಯಾಗಿರುವುದರಿಂದ ಸೂಚನೆಯನ್ನು ಓದಿಯೇ ಮುಂದುವರಿಯಬೇಕು. ಚಿಕ್ಕ ಮಕ್ಕಳು ಚಿತ್ರ ಬರೆಯಲಿ, ಕತ್ತರಿಸಲಿ. ಇಸ್ತ್ರಿಯನ್ನು ದೊಡ್ಡವರೇ ಹಿಡಿಯುವುದು ಕ್ಷೇಮ.

ಒಗೆತ ಮತ್ತು ಬಾಳಿಕೆ

ಒತ್ತಿದ ಮೇಲೆ ಒಂದು ದಿನ ಬಿಟ್ಟು ಒಗೆಯುವುದು ಒಳಿತು. ಅಂಗಿಯನ್ನು ಒಳಮೈ ಹೊರಗೆ ಮಾಡಿ, ತಣ್ಣೀರಿನಲ್ಲಿ, ಬ್ಲೀಚಿಂಗ್ ಪುಡಿಯಿಲ್ಲದೆ ಒಗೆಯಬೇಕು. ಒಗೆಯುವ ಕಲ್ಲಿಗೆ ಬಡಿಯುವುದು, ಬ್ರಷ್ಷಿನಿಂದ ತಿಕ್ಕುವುದು ಕೂಡದು. ನೆರಳಿನಲ್ಲಿ ಒಣಗಿಸಿ, ಇಸ್ತ್ರಿಯನ್ನು ಚಿತ್ರದ ಮೇಲೆ ಮತ್ತೆ ನೇರವಾಗಿ ಆಡಿಸದಿರಬೇಕು. ಟೀ ಶರ್ಟಿನ ಬಟ್ಟೆಯು ಮಗ್ಗದಲ್ಲಿ ನೇಯ್ದುದಲ್ಲ, ಕುಣಿಕೆ ಹಾಕಿ ಹೆಣೆದುದು. ಅದು ಎಳೆದರೆ ಹಿಗ್ಗುತ್ತದೆ, ಪೊರೆ ಅಷ್ಟು ಹಿಗ್ಗದು. ಆದುದರಿಂದ ಎಷ್ಟೇ ಎಚ್ಚರ ವಹಿಸಿದರೂ ಕಾಲಕ್ರಮೇಣ ಚಿತ್ರದಲ್ಲಿ ಬಿರುಕು ಮೂಡುವುದು ಈ ವಿಧಾನದ ಸಹಜ ಮಿತಿ.

ಎಲ್ಲಿ ಉಪಯುಕ್ತ, ಎಲ್ಲಿ ಅಲ್ಲ

ಹತ್ತಾರು ಬಗೆಯ ಚಿತ್ರ, ಬಗೆಗೊಂದೇ ಅಂಗಿ ಎಂಬಲ್ಲಿ ಈ ವಿಧಾನಕ್ಕೆ ಸಮನಾದುದಿಲ್ಲ. ಒಂದೇ ಚಿತ್ರವನ್ನು ನೂರಾರು ಅಂಗಿಗಳ ಮೇಲೆ ಮೂಡಿಸಬೇಕಾದರೆ ಸ್ಕ್ರೀನ್ ಪ್ರಿಂಟಿಂಗೇ ಅಗ್ಗ, ಬಾಳಿಕೆಯೂ ಅದರದೇ ಹೆಚ್ಚು. ಏಕೆಂದರೆ ಅಲ್ಲಿ ಚೌಕಟ್ಟನ್ನು ಒಮ್ಮೆ ಸಿದ್ಧಪಡಿಸಿದರೆ ಸಾಕು. ಇಲ್ಲಿ ಪ್ರತಿ ಅಂಗಿಗೂ ಹಾಳೆಯ ಖರ್ಚು ತಪ್ಪದು. ಖರ್ಚನ್ನು ತಗ್ಗಿಸಲು ಒಂದು ಉಪಾಯವಿದೆ. ಎ4 ಹಾಳೆಯು 210 ಮಿಲಿಮೀಟರ್ ಅಗಲ, 297 ಮಿಲಿಮೀಟರ್ ಉದ್ದವಿರುತ್ತದೆ. ಎದೆಯ ಪಕ್ಕಕ್ಕೆ 90 ಮಿಲಿಮೀಟರ್ ಚೌಕದ ಚಿತ್ರ ಸಾಕೆಂದುಕೊಂಡರೆ ಅಗಲಕ್ಕೆ ಎರಡು, ಉದ್ದಕ್ಕೆ ಮೂರರಂತೆ ಒಂದೇ ಹಾಳೆಯಲ್ಲಿ ಆರು ಚಿತ್ರಗಳನ್ನು ಮುದ್ರಿಸಬಹುದು. ಒಂದು ಕಬಡ್ಡಿ ತಂಡದ ಏಳು ಆಟಗಾರರಿಗೆ ಎರಡು ಹಾಳೆಗಳು ಸಾಕಾಗಿ, ಉಳಿದ ಐದು ಚಿತ್ರಗಳು ಬದಲಿ ಆಟಗಾರರಿಗೂ ಒದಗುವುವು.

ಅಧ್ಯಾಪಕರು ಇದನ್ನು ಪಾಠವಾಗಿ ನಡೆಸಬಯಸಿದರೆ ಆರಂಭದಲ್ಲಿ ಅಂಗಿಯ ಗೊಡವೆ ಬೇಡ. ಹಳೆಯ ಹತ್ತಿ ಬನಿಯನ್ನಿನ ಮೂರು ತುಂಡುಗಳನ್ನು ತೆಗೆದುಕೊಂಡು ಒಂದೇ ಚಿತ್ರವನ್ನು ಮೂರು ಬೇರೆ ಬೇರೆ ಅವಧಿಗಳವರೆಗೆ ಒತ್ತಿಸಿ, ವಾರಕ್ಕೊಮ್ಮೆ ಒಗೆಸಿ, ಯಾವ ತುಂಡಿನ ಅಂಚು ಎಷ್ಟನೆಯ ಒಗೆತಕ್ಕೆ ಎದ್ದಿತೆಂಬುದನ್ನು ಪುಸ್ತಕದಲ್ಲಿ ದಾಖಲಿಸಬೇಕು. ಉಳಿದುದನ್ನೆಲ್ಲ ಸಮನಾಗಿಟ್ಟು ಒಂದನ್ನು ಮಾತ್ರ ಬದಲಿಸುವ ವಿಜ್ಞಾನದ ಮೂಲ ಕ್ರಮ ಇದರಿಂದ ಕೈಗೆ ಹತ್ತುವುದು. ಇದಕ್ಕೆ ಬೇಕಾದ ಸಾಮಗ್ರಿಯೂ ಹೆಚ್ಚಿನದಲ್ಲ. ಸಂಸ್ಥೆಗಳಿಗೆ ನೆರವಾಗುವ ಮಹನೀಯರೂ ಹಳೆಯ ವಿದ್ಯಾರ್ಥಿಗಳೂ ಸಿದ್ಧವಾದ ಅಂಗಿಗಳನ್ನು ಹಂಚುವುದರ ಜೊತೆಗೆ ಒಂದು ಇಸ್ತ್ರಿ ಪೆಟ್ಟಿಗೆಯನ್ನೂ ಕೆಲವು ಕಟ್ಟು ಕಾಗದವನ್ನೂ ಒದಗಿಸಿದರೆ ಅದು ಹಲವು ತಂಡಗಳ ಮಕ್ಕಳಿಗೆ ಸಲ್ಲುವ ದಾನವಾಗುತ್ತದೆ. ಬಟ್ಟೆಯನ್ನು ನೇಯುವ, ಹೊಲಿಯುವ ಸೀಮೆಯ ಮಕ್ಕಳು ಅದರ ಮೇಲೆ ಏನು ಬರೆಯಬೇಕೆಂಬುದನ್ನೂ ತಾವೇ ನಿರ್ಧರಿಸಿ, ಅದನ್ನು ಶುದ್ಧವಾಗಿಯೂ ದೃಢವಾಗಿಯೂ ಮೂಡಿಸುವಂತಾಗಲಿ.